ನೋವು ನಡೆದು ಬರುವ ದಾರಿ

ಸರ್ಪಸುತ್ತಿನ ಹೆಸರು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಬೆನ್ನಿನ ನಡುವಿನಿಂದ ಹೊರಟು, ಪಕ್ಕೆಯನ್ನು ಬಳಸಿಕೊಂಡು, ಎದೆಯ ನಡುವಿಗೆ ಬಂದು ನಿಲ್ಲುವ ಗುಳ್ಳೆಗಳ ಸಾಲನ್ನು ಕಂಡ ಹಿಂದಿನವರಿಗೆ ಹಾವಿನ ನೆನಪಾದದ್ದು ಸಹಜವೇ. ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿಗೆ ಉಳಿಗಾಲವಿಲ್ಲವೆಂಬ ಭಯವೂ ಆ ಹೆಸರಿನ ಜೊತೆಯಲ್ಲಿಯೇ ಬೆಳೆದು ಬಂದಿದೆ. ಎರಡು ಮೂರು ವಾರಗಳಲ್ಲಿ ಗುಳ್ಳೆ ಒಣಗುತ್ತದೆ, ಹಕ್ಕಳೆ ಉದುರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ವಯಸ್ಸಾದ ಕೆಲವರ ಪಾಲಿಗೆ ನಿಜವಾದ ಕಷ್ಟ ಆಮೇಲೆ ಮೊದಲಾಗುತ್ತದೆ. ಸೀರೆಯ ಸೆರಗು ಸೋಕಿದರೂ ಬೆಂಕಿ ತಾಗಿದಂತೆ ಉರಿ, ರಾತ್ರಿ ನಿದ್ದೆಯಿಲ್ಲ. ತಿಂಗಳುಗಟ್ಟಲೆ ಹೀಗೆ ನರಳುವ ಮುದುಕಿಗೆ ಮನೆಯಲ್ಲಿ ಸಿಕ್ಕುವ ಉತ್ತರ ಒಂದೇ: “ಗಾಯ ಮಾಯ್ದಿದೆಯಲ್ಲಾ, ಇನ್ನೆಲ್ಲಿಯ ನೋವು?”

ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿ ಎಲ್ಲಿದೆ? ಸಾಕ್ಷಿ ಇದೆ. ಅದು ಚರ್ಮದಲ್ಲಿಲ್ಲ, ಬೆನ್ನುಮೂಳೆಯ ಮಗ್ಗುಲಲ್ಲಿ ಅಡಗಿರುವ, ಕಾಳಿನಷ್ಟು ಗಾತ್ರದ ಒಂದು ನರದ ಗಂಟಿನಲ್ಲಿದೆ. ಆ ಗಂಟನ್ನು ಮನುಷ್ಯ ಅರಿತುಕೊಂಡ ಬಗೆಯೇ ಒಂದು ಚರಿತ್ರೆ. ಅದರ ಬಹುಭಾಗ ಯೂರೋಪಿನಲ್ಲಿ ನಡೆಯಿತು, ನಿಜ. ಆದರೆ ಅದರ ಹಿಂದಿರುವ ಪ್ರಶ್ನೆ ನಮ್ಮ ಚಾಮರಾಜನಗರದ ಸೀಮೆಗೆ ಹೊಸದಲ್ಲ. ಆ ಚರಿತ್ರೆಯ ಒಬ್ಬ ಮುಖ್ಯ ಪಾತ್ರಧಾರಿ ನಮ್ಮ ಬೆಟ್ಟಗಳ ಆಚೆಯ ಮಗ್ಗುಲಲ್ಲಿ ಓಡಾಡಿ ಹೋದವನು.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪುರಾತನ ಕ್ಷೇತ್ರ. ‘ರಾಜಾವಳೀ ಕಥೆ’ಯನ್ನು ಬರೆದ ದೇವಚಂದ್ರ ಈ ಊರಿನವನು. ಆಚಾರ್ಯ ಪೂಜ್ಯಪಾದರು ತಪಸ್ಸು ಮಾಡಿದ ಬೆಟ್ಟ ಇದೆಂದು ಪರಂಪರೆ ನಂಬಿಕೊಂಡು ಬಂದಿದೆ. ದೇವನಂದಿಯೆಂಬುದು ಅವರ ಇನ್ನೊಂದು ಹೆಸರು. ಕಾಲ ಸುಮಾರು 5-6ನೆಯ ಶತಮಾನ. ‘ಜೈನೇಂದ್ರ ವ್ಯಾಕರಣ’ದ ಕರ್ತೃವೆಂದು ವಿದ್ವಾಂಸರು ಅವರನ್ನು ಬಲ್ಲರು. ವೈದ್ಯವೂ ಅವರ ಹೆಸರಿಗೆ ಅಂಟಿಕೊಂಡಿದೆ. ಕಣ್ಣು, ಕಿವಿ, ಮೂಗುಗಳ ಚಿಕಿತ್ಸೆಯಾದ ಶಾಲಾಕ್ಯವನ್ನು ಕುರಿತು ಪೂಜ್ಯಪಾದರು ಬರೆದಿದ್ದರೆಂದು ಉಗ್ರಾದಿತ್ಯನ ‘ಕಲ್ಯಾಣಕಾರಕ’ ಹೇಳುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ ‘ಕರ್ಣಾಟಕ ಕಲ್ಯಾಣಕಾರಕ’ಕ್ಕೂ ಪೂಜ್ಯಪಾದರ ವೈದ್ಯಗ್ರಂಥವೇ ಮೂಲವೆಂದು ಪ್ರಸಿದ್ಧಿ.

ನಮಗೆ ಇಲ್ಲಿ ಬೇಕಾದದ್ದು ಅವರ ‘ಸರ್ವಾರ್ಥಸಿದ್ಧಿ’. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ಕ್ಕೆ ಬರೆದ ಟೀಕೆ. ಹೊರಗಿನ ವಸ್ತು ಒಳಗಿನ ಅರಿವಾಗುವುದು ಹೇಗೆಂಬ ವಿಚಾರ ಅದರಲ್ಲಿ ಬರುತ್ತದೆ. ಅರಿವು ಒಂದೇ ನೆಗೆತಕ್ಕೆ ಆಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆ. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು: ಇದು ಅವಗ್ರಹ. ಬೆಳ್ಳಕ್ಕಿಯೋ, ಬಾವುಟವೋ ಎಂದು ತಿಳಿಯುವ ಬಯಕೆ ಹುಟ್ಟಿತು: ಇದು ಈಹೆ. ಏರುವುದು, ಇಳಿಯುವುದು, ರೆಕ್ಕೆ ಬಡಿಯುವುದು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯವಾಯಿತು: ಇದು ಅವಾಯ. ಬೆಳಿಗ್ಗೆ ಕಂಡ ಬೆಳ್ಳಕ್ಕಿಯೇ ಇದೆಂದು ಮತ್ತೆ ಗುರುತು ಹಿಡಿಯುವಂತೆ ಮನಸ್ಸಿನಲ್ಲಿ ನಿಂತಿತು: ಇದು ಧಾರಣೆ. ಮುಟ್ಟಿದ್ದು ಅರಿವಾಗುವ ಮೊದಲ ಗಳಿಗೆಗೆ ಅವರು ಕೊಡುವ ಉಪಮೆ ಇನ್ನೂ ಸೊಗಸಾದದ್ದು. ಹೊಸ ಮಣ್ಣಿನ ಕುಡಿಕೆಯ ಮೇಲೆ ಎರಡು ಮೂರು ಹನಿ ನೀರು ಬಿದ್ದರೆ ಅದು ನೆನೆಯುವುದಿಲ್ಲ. ಹನಿ ಮತ್ತೆ ಮತ್ತೆ ಬೀಳುತ್ತಿದ್ದರೆ ಮೆಲ್ಲಗೆ ನೆನೆಯುತ್ತದೆ. ಇಂದ್ರಿಯಕ್ಕೆ ವಿಷಯ ಸೋಕುವುದೂ ಹಾಗೆಯೇ, ಸೋಕಿದೊಡನೆಯೇ ಅರಿವಾಗಿಬಿಡುವುದಿಲ್ಲ.

ಇದನ್ನು ಓದಿದ ಕೂಡಲೇ “ಇಂದಿನ ನರಶಾಸ್ತ್ರವೆಲ್ಲ ನಮ್ಮವರಿಗೆ ಆಗಲೇ ಗೊತ್ತಿತ್ತು” ಎಂದು ಬೆನ್ನು ತಟ್ಟಿಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಪೂಜ್ಯಪಾದರು ನರವನ್ನು ಬಿಡಿಸಿ ನೋಡಿದವರಲ್ಲ. ಅವರ ಗುರಿ ಆತ್ಮವಿಚಾರ, ದೇಹರಚನೆಯಲ್ಲ. ಆದರೂ ಸ್ಪರ್ಶಕ್ಕೂ ಅರಿವಿಗೂ ನಡುವೆ ಒಂದು ದಾರಿಯಿದೆ, ಆ ದಾರಿಯಲ್ಲಿ ಹಂತಗಳಿವೆ ಎಂಬ ಪ್ರಶ್ನೆಯನ್ನು ಅವರು ಎದುರಿಸಿದ್ದರು; ಅಷ್ಟು ದೊಡ್ಡತನವೇ ಸಾಕು. ಅದೇ ‘ತತ್ತ್ವಾರ್ಥಸೂತ್ರ’ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಿಂದ ವಿಂಗಡಿಸುತ್ತದೆ. ಗಿಡಮರಗಳಿಗೆ ಸ್ಪರ್ಶವೊಂದೇ, ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಎಲ್ಲ ಇಂದ್ರಿಯಗಳೂ ಹೋದರೂ ಕೊನೆಗೆ ಉಳಿಯುವುದು ಸ್ಪರ್ಶ. ಮುಟ್ಟಿದ್ದು ತಿಳಿಯುವುದೆಂದ ಮೇಲೆ ಹಿಂಸೆಯೂ ತಟ್ಟುತ್ತದೆ. ಅಹಿಂಸೆಯ ಮಾತು ಹುಳುವಿಗೂ ಗಿಡಕ್ಕೂ ಹರಡಿದ್ದರ ಹಿಂದೆ ಈ ವಿಚಾರವಿದೆ.

ಇಲ್ಲಿ ಮಾತಿನ ತೊಡಕೊಂದನ್ನು ಬಿಡಿಸಿಕೊಂಡು ಮುಂದೆ ಹೋಗೋಣ. ನಮ್ಮ ಆಡುಮಾತಿನಲ್ಲಿ ‘ನರ’ವೆಂದರೆ ಅರಿವನ್ನು ಹೊರುವ ತಂತುವೂ ಹೌದು, ಸೂಜಿ ಚುಚ್ಚುವ ರಕ್ತನಾಳವೂ ಹೌದು. ಕನ್ನಡದಲ್ಲಿ ಮಾಂಸಖಂಡವನ್ನು ಹೇಳುವ ‘ಸ್ನಾಯು’ ಹಿಂದಿಯಲ್ಲಿ ನರವನ್ನು ಹೇಳುತ್ತದೆ. ಇದು ನಮ್ಮೊಬ್ಬರ ಗೊಂದಲವಲ್ಲ. ಗ್ರೀಕರ ‘ನ್ಯೂರಾನ್’ ಶಬ್ದಕ್ಕೂ ಮೊದಲಿದ್ದ ಅರ್ಥ ಬಿಗಿಹುರಿ, ಬಿಲ್ಲಿನ ಹೆದೆ ಎಂದೇ. ನರಗಳ ಮೇಲೆ ಅಲ್ಲಲ್ಲಿ ಕಾಣುವ ಉಬ್ಬಿಗೆ ಗ್ಯಾಲೆನ್ ಎಂಬ 2ನೆಯ ಶತಮಾನದ ವೈದ್ಯ ‘ಗ್ಯಾಂಗ್ಲಿಯಾನ್’ ಎಂದ, ಗಂಟು ಎಂದರ್ಥ. ನಮ್ಮ ಪಠ್ಯಗಳು ಇದನ್ನು ‘ನರಗ್ರಂಥಿ’ ಎನ್ನುತ್ತವೆ. ಆದರೆ ರಸ ಸುರಿಸುವ ಅಂಗಕ್ಕೂ ‘ಗ್ರಂಥಿ’ ಎನ್ನುವುದರಿಂದ ವಿದ್ಯಾರ್ಥಿ ಎರಡನ್ನೂ ಬೆರೆಸಿಕೊಳ್ಳುತ್ತಾನೆ. ಈ ಗಂಟು ಯಾವ ರಸವನ್ನೂ ಸುರಿಸುವುದಿಲ್ಲ. ಆದ್ದರಿಂದ ‘ನರಗಂಟು’ ಎಂಬ ಅಚ್ಚಗನ್ನಡದ ಮಾತನ್ನೇ ಇಲ್ಲಿ ಬಳಸುತ್ತೇನೆ.

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದಕ್ಕೂ ಮುಂದೊಂದು ಹಿಂದೊಂದು ಹೀಗೆ ಎರಡು ಬೇರು. ಗಂಟು ಇರುವುದು ಹಿಂದಿನ ಬೇರಿನ ಮೇಲೆ. ಎರಡು ಬೇರುಗಳೇಕೆ? 1811ರಲ್ಲಿ ಲಂಡನ್ನಿನ ಚಾರ್ಲ್ಸ್ ಬೆಲ್ ಖಾಸಗಿಯಾಗಿ ಅಚ್ಚುಹಾಕಿಸಿದ ಕಿರುಹೊತ್ತಗೆಯೊಂದರಲ್ಲಿ ಮುಂದಿನ ಬೇರಿಗೂ ಚಲನೆಗೂ ನಂಟಿದೆಯೆಂದು ತೋರಿಸಿದ. 1822ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಮೆಜಾಂದೀ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡಿದ. ಹಿಂದಿನ ಬೇರನ್ನು ಕತ್ತರಿಸಿದರೆ ಕಾಲು ಆಡುತ್ತದೆ, ಆದರೆ ಚಿವುಟಿದ್ದು ತಿಳಿಯುವುದಿಲ್ಲ. ಮುಂದಿನದನ್ನು ಕತ್ತರಿಸಿದರೆ ಚಿವುಟಿದ್ದು ತಿಳಿಯುತ್ತದೆ, ಕಾಲು ಆಡುವುದಿಲ್ಲ. ಸಂವೇದನೆ ಒಳಗೆ ಬರುವ ಬಾಗಿಲು ಹಿಂದಿನದು, ಆಜ್ಞೆ ಹೊರಗೆ ಹೋಗುವ ಬಾಗಿಲು ಮುಂದಿನದು. ವೈದ್ಯಶಾಸ್ತ್ರದಲ್ಲಿ ಇಷ್ಟು ಬೆಲೆಯುಳ್ಳ ಸತ್ಯಗಳು ಬಹಳವಿಲ್ಲ.

ಆದರೆ ಆ ಬೆಲೆಯನ್ನು ತೆತ್ತವರಾರು? ಎಳೆಯ ನಾಯಿಮರಿಗಳು. ಶಸ್ತ್ರಚಿಕಿತ್ಸೆಗೆ ಈಥರಿನ ಅರಿವಳಿಕೆ ಬಂದದ್ದು 1846ರಲ್ಲಿ. ಮೆಜಾಂದೀಯ ಮರಿಗಳು ಎಚ್ಚರವಾಗಿಯೇ ಇದ್ದವು. 1824ರಲ್ಲಿ ಅವನು ಲಂಡನ್ನಿಗೆ ಹೋಗಿ ಜನರೆದುರಿಗೆ ಪ್ರಯೋಗಗಳನ್ನು ಮಾಡಿ ತೋರಿಸಿದಾಗ ಅಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಪ್ರಾಣಿಪ್ರಯೋಗಗಳಿಗೆ ಕಡಿವಾಣ ಹಾಕುವ ಕಾನೂನು ಇಂಗ್ಲೆಂಡಿನಲ್ಲಿ 1876ರಲ್ಲಿ ಬಂದಿತು. ನಮ್ಮಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಈಗಿನ ಕಾಯಿದೆ ಬಂದದ್ದು 1960ರಲ್ಲಿ. ದನಗಳ ಬೇನೆಗೆ ಮದ್ದು ಹೇಳಲೆಂದೇ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದದ್ದು 12ನೆಯ ಶತಮಾನದಲ್ಲಿ. ಕನಕಗಿರಿಯ ಪರಂಪರೆ ಹುಳುವಿನ ಸ್ಪರ್ಶವನ್ನೂ ಲೆಕ್ಕಕ್ಕೆ ಹಿಡಿದು ಹಿಂಸೆಯಿಂದ ಕೈ ಹಿಂದೆಗೆಯಿತು. ಆದರೆ ಹಾಗೆ ಹಿಂದೆಗೆದ ಕೈಗೆ ನರದ ಬೇರು ಸಿಕ್ಕಲಿಲ್ಲ. ಪ್ಯಾರಿಸ್ಸಿನ ಕೈಗೆ ಬೇರು ಸಿಕ್ಕಿತು. ಆದರೆ ನೋವಿನ ದಾರಿಯನ್ನು ತಿಳಿಯಲು ಅದು ನೋವನ್ನೇ ಕೊಟ್ಟಿತು. ಈ ಎರಡರ ನಡುವೆ ಮೂರನೆಯ ದಾರಿಯಿತ್ತೇ? ಇತ್ತು. ಅದಕ್ಕೆ ಮೊದಲು ಗಂಟಿನೊಳಗೆ ಏನಿದೆಯೆಂದು ನೋಡಬೇಕು.

ಗಂಟೆಂದರೆ ಸಂವೇದನೆಯ ನರಕೋಶಗಳ ಒಡಲುಗಳು ಗುಂಪಾಗಿ ನೆಲೆಸಿರುವ ತಾಣ. ಸೂಕ್ಷ್ಮದರ್ಶಕದಲ್ಲಿ ಇಂಥ ಕೋಶಗಳ ಆಕಾರವನ್ನು ಬಿಡಿಸಿ ತೋರಿಸಿದವರಲ್ಲಿ, 1906ರ ನೊಬೆಲ್ ಬಹುಮಾನವನ್ನು ಗಾಲ್ಜಿಯೊಡನೆ ಹಂಚಿಕೊಂಡ ಸ್ಪೇನ್ ದೇಶದ ಕಹಾಲ್ ಪ್ರಮುಖ. ಕೋಶದಿಂದ ಒಂದೇ ಒಂದು ತೊಟ್ಟು ಹೊರಡುತ್ತದೆ. ಸ್ವಲ್ಪ ದೂರದಲ್ಲಿ ಕವಲೊಡೆದು ಒಂದು ಕವಲು ಚರ್ಮದ ಕಡೆಗೂ ಇನ್ನೊಂದು ಬೆನ್ನುಹುರಿಯ ಕಡೆಗೂ ಹೋಗುತ್ತದೆ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೇಲೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಒಂದು ಓಣಿಯೊಳಗೆ ಮನೆಯೊಂದಿದೆಯೆಂದು ಭಾವಿಸಿ. ಬಸ್ಸುಗಳು ಹೆದ್ದಾರಿಯಲ್ಲಿ ನೇರವಾಗಿ ಹೋಗುತ್ತವೆ. ಆ ಮನೆಯ ಬಾಗಿಲಿಗೆ ಹೋಗಿ ಕಾಯಬೇಕಾಗಿಲ್ಲ. ಹಾಗೆಯೇ ಚರ್ಮದಿಂದ ಬಂದ ಸುದ್ದಿಯನ್ನು ಈ ಗಂಟಿನಲ್ಲಿ ಒಂದು ಕೋಶ ಇನ್ನೊಂದಕ್ಕೆ ದಾಟಿಸುವುದಿಲ್ಲ; ಆ ದಾಟಿಸುವ ಕೆಲಸ ಮೊದಲು ನಡೆಯುವುದು ಮುಂದೆ, ಬೆನ್ನುಹುರಿಯಲ್ಲಿಯೋ ಮೆದುಳಿನ ಬುಡದಲ್ಲಿಯೋ. ಹಾಗಾದರೆ ಮನೆಯ ಕೆಲಸವೇನು? ಇಡೀ ರಸ್ತೆಯನ್ನು ಕಾಪಾಡುವುದು. 1850ರ ದಶಕದಲ್ಲಿ ಆಗಸ್ಟಸ್ ವಾಲರ್ ಇದನ್ನು ತೋರಿಸಿದ: ಕೋಶದಿಂದ ಕಡಿದುಹೋದ ಎಳೆ ಸಾಯುತ್ತದೆ, ಕೋಶಕ್ಕೆ ಅಂಟಿಕೊಂಡ ಎಳೆ ಬದುಕುತ್ತದೆ. ಕಾಲ್ಬೆರಳ ತುದಿಯಿಂದ ಹೊರಟ ಎಳೆಗೂ ಅನ್ನ ಒದಗಿಸುವುದು ಬೆನ್ನಿನ ಬುಡದ ಈ ಗಂಟೇ. ಮುಖದ ಸಂವೇದನೆಗೆ ತಲೆಬುರುಡೆಯೊಳಗೆ ಬೇರೆ ಗಂಟಿದೆ. ಕೇಳುವುದಕ್ಕೂ ರುಚಿಗೂ ಅವುಗಳದೇ ಗಂಟುಗಳಿವೆ.

ಸುದ್ದಿಯ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲವೆಂದು ಯೋಹಾನ್ನೆಸ್ ಮ್ಯುಲ್ಲರ್ ಎಣಿಸಿದ್ದ. ಅವನ ಶಿಷ್ಯನಾದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಅದನ್ನು ಅಳೆದೇಬಿಟ್ಟ. ಸೆಕೆಂಡಿಗೆ ಸುಮಾರು 27 ಮೀಟರು. ಎಲ್ಲ ಎಳೆಗಳ ವೇಗವೂ ಒಂದೇ ಅಲ್ಲವೆಂದು ಆಮೇಲೆ ತಿಳಿಯಿತು. ಮುಟ್ಟಿದ್ದನ್ನು ಹೇಳುವ ದಪ್ಪ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿನಂತೆ ಓಡಿದರೆ, ಉರಿಯನ್ನು ಹೇಳುವ ತೆಳ್ಳನೆಯ ಎಳೆಗಳಲ್ಲಿ ಒಂದು ಮೀಟರಿನಂತೆ ತೆವಳುತ್ತದೆ. ಕಾಲಿಗೆ ಮುಳ್ಳು ಚುಚ್ಚಿದಾಗ ಮೊದಲು ಚುಳ್ಳೆನ್ನುವುದು, ತುಸು ತಡೆದು ಉರಿ ಏರುವುದು ಎಲ್ಲರಿಗೂ ಗೊತ್ತು. ಎರಡೂ ಬೇರೆ ಬೇರೆ ಎಳೆಗಳಲ್ಲಿ ಬಂದ ಸುದ್ದಿಗಳು. 1926ರಲ್ಲಿ ಏಡ್ರಿಯನ್ ಎಂಬಾತ ಒಂದೊಂದೇ ಎಳೆಯ ಮಿಡಿತವನ್ನು ದಾಖಲಿಸಿದ. ಒತ್ತು ಹೆಚ್ಚಾದರೆ ಮಿಡಿತ ದೊಡ್ಡದಾಗುವುದಿಲ್ಲ, ಪದೇ ಪದೇ ಬರುತ್ತದೆ; ಒಂದು ಮಿತಿಯನ್ನು ಮುಟ್ಟುವವರೆಗೂ ಮಿಡಿತವೇ ಇಲ್ಲ. ಕುಡಿಕೆಯ ಮೇಲಿನ ಹನಿಗಳು ಇಲ್ಲಿ ನೆನಪಾದರೆ ತಪ್ಪಲ್ಲ. ಆದರೆ ಅಲ್ಲಿದ್ದದ್ದು ಉಪಮೆ, ಇಲ್ಲಿರುವುದು ಅಳತೆ.

ಇನ್ನು ಸರ್ಪಸುತ್ತಿಗೆ ಬರೋಣ. ಈ ರೋಗದಲ್ಲಿ ನರಗಂಟು ಕೆಟ್ಟಿರುವುದನ್ನು 1860ರ ದಶಕದ ಮೊದಲಲ್ಲೇ ಜರ್ಮನಿಯ ಬೇರೆನ್‌ಸ್ಪ್ರುಂಗ್ ಕಂಡಿದ್ದ. 1900ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಆ ಕೆಲಸವನ್ನು ಪೂರೈಸಿದರು. ಸರ್ಪಸುತ್ತು ಆಗಿದ್ದು ಮುಂದೆ ತೀರಿಕೊಂಡವರ ಗಂಟುಗಳನ್ನು ಪರೀಕ್ಷಿಸಿ, ಚರ್ಮದ ಯಾವ ಪಟ್ಟಿಯಲ್ಲಿ ಗುಳ್ಳೆ ಎದ್ದಿತ್ತೆಂಬುದನ್ನು ತಾಳೆ ನೋಡಿದರು. ಒಂದು ಗಂಟಿಗೆ ಒಂದು ಪಟ್ಟಿ. ದೇಹದ ಮೇಲೆ ಹೀಗೆ ಪಟ್ಟಿಗಳ ಒಂದು ಭೂಪಟವೇ ಸಿದ್ಧವಾಯಿತು. ಗಂಟುಗಳು ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಇರುವುದರಿಂದಲೇ ಹಾವು ಅರ್ಧ ಸುತ್ತಿಗೆ ನಿಲ್ಲುತ್ತದೆ. ತಲೆ ಬಾಲ ಕೂಡದಂತೆ ತಡೆದದ್ದು ಮಂತ್ರವಲ್ಲ, ದೇಹದ ರಚನೆ.

ಇಲ್ಲಿ ಯಾವ ಪ್ರಾಣಿಯನ್ನೂ ಹಿಂಸಿಸಿದ್ದಿಲ್ಲ. ರೋಗವೇ ಬರೆದ ಬರಹವನ್ನು ಓದಿದ್ದು. ಹೆಡ್ ಇನ್ನೂ ಮುಂದೆ ಹೋದ. ಸಂವೇದನೆಯ ವಿಷಯದಲ್ಲಿ ನಾಯಿ ಬಾಯಿಬಿಟ್ಟು ಹೇಳಲಾರದು. ರೋಗಿಗೆ ತನ್ನ ಸಂಕಟದಲ್ಲಿ ಸೂಕ್ಷ್ಮವಾಗಿ ಹೇಳುವ ತಾಳ್ಮೆಯಿರದು. ಹಾಗಾದರೆ ತನ್ನನ್ನೇ ಏಕೆ ಒಡ್ಡಿಕೊಳ್ಳಬಾರದು? 1903ರ ಏಪ್ರಿಲ್ 25ರಂದು ಅವನು ತನ್ನ ಎಡ ಮುಂದೋಳಿನ ಚರ್ಮದ ನರಗಳನ್ನು ಶಸ್ತ್ರವೈದ್ಯನಿಂದ ಕತ್ತರಿಸಿ ಹೊಲಿಸಿಕೊಂಡ. ಆಮೇಲೆ ನಾಲ್ಕು ವರ್ಷಗಳ ಕಾಲ, ಬಿಡುವಾದಾಗಲೆಲ್ಲ ಕೇಂಬ್ರಿಜ್ಜಿಗೆ ಹೋಗಿ, ಕಣ್ಣುಮುಚ್ಚಿ ಕುಳಿತು ಕೈಯೊಡ್ಡಿದ. ಗೆಳೆಯನೊಬ್ಬ ಹತ್ತಿ, ಸೂಜಿ, ಬಿಸಿ, ತಣ್ಣನೆಯ ವಸ್ತುಗಳನ್ನು ತಾಗಿಸುತ್ತ ಹೋದ. ಹೆಡ್ ತನಗೆ ಆದದ್ದನ್ನು ಹೇಳುತ್ತ ಹೋದ. ಒಡಲು ಗಂಟಿನಲ್ಲಿ ಬದುಕಿದ್ದುದರಿಂದ ಎಳೆಗಳು ಮತ್ತೆ ಚಿಗುರಿ, ಅರಿವು ಹಂತಹಂತವಾಗಿ ಮರಳಿತು. 1908ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಅವರು ಕಟ್ಟಿದ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಆದರೆ ಅವರ ನಡೆ ನಿಂತಿದೆ.

ಆ ಗೆಳೆಯನೇ ಡಬ್ಲ್ಯು. ಎಚ್. ಆರ್. ರಿವರ್ಸ್. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಏರಿದರೆ ಸಿಕ್ಕುವ ನೀಲಗಿರಿಯಲ್ಲಿ ಅವನು 1901-02ರಲ್ಲಿ ತೋಡರ ನಡುವೆ ಇದ್ದ. 1906ರಲ್ಲಿ ಪ್ರಕಟವಾದ ಅವನ ‘ದಿ ಟೋಡಾಸ್’ ಜನಜೀವನದ ಅಧ್ಯಯನಗಳಲ್ಲಿ ಹೆಸರಾದ ಗ್ರಂಥ. ತೋಡರ ಇಂದ್ರಿಯಗಳ ಪರೀಕ್ಷೆಯನ್ನೂ ಅವನು ಪ್ರತ್ಯೇಕವಾಗಿ ಬರೆದ. ಅಷ್ಟೇ ಅಲ್ಲ, ಊರಾಳಿಗಳ ಮತ್ತು ಸೋಲಿಗರ ದೃಷ್ಟಿಯನ್ನು ಕುರಿತ ಅವನ ಲೇಖನ 1903ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ಬಂದಿತು. ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆಮಹದೇಶ್ವರನ ಕಾಡಿನಲ್ಲಿ ನಾವು ಕಾಣುವ ಸೋಲಿಗರ ಕುಲದವರೇ ಅವರು. ಕಾಡಿನ ಜನಕ್ಕೆ ನಮಗಿಲ್ಲದ ಅದ್ಭುತ ಇಂದ್ರಿಯಗಳಿವೆಯೆಂಬುದು ಆ ಕಾಲದ ಪ್ರವಾಸಿಗಳ ಮಾತು. 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ತಂಡದಲ್ಲಿದ್ದ ರಿವರ್ಸ್, ಅಲ್ಲಿಯ ಜನರ ಕಣ್ಣು ಯೂರೋಪಿನವರ ಕಣ್ಣಿಗಿಂತ ಅಷ್ಟೇನೂ ಬೇರೆಯಲ್ಲ, ಬೇರೆಯಾದದ್ದು ಪರಿಚಿತ ಪರಿಸರವನ್ನು ಗಮನಿಸುವ ಅಭ್ಯಾಸ ಎಂದು ಕಂಡುಕೊಂಡಿದ್ದ. ಅಳತೆಗೋಲು ಹಿಡಿದ ವಸಾಹತುಶಾಹಿಯ ಕಾಲದ ದೊರೆಯನ್ನು ಕಂಡು ಬೆಟ್ಟದ ಜನಕ್ಕೆ ಏನನ್ನಿಸಿತೋ ಆ ಬರಹಗಳಲ್ಲಿ ಇಲ್ಲ. ಆದರೆ ಬೆಟ್ಟದವರನ್ನು ಪರೀಕ್ಷಿಸಿ ಬಂದ ಆ ವಿದ್ವಾಂಸನ ಎದುರಿಗೆ, ಮರುವರ್ಷವೇ ಲಂಡನ್ನಿನ ಪ್ರಸಿದ್ಧ ವೈದ್ಯನೊಬ್ಬ ಅದೇ ರೀತಿ ಕೈಯೊಡ್ಡಿ ಕುಳಿತನೆಂಬುದು ಚರಿತ್ರೆಯ ಒಂದು ನ್ಯಾಯ.

ಗಂಟನ್ನು ಕೆಡಿಸುವುದು ಯಾವುದು? ಬಾಲ್ಯದಲ್ಲಿ ಬಂದು ಹೋದ ಸೀತಾಳೆ ಸಿಡುಬು, ಹಳ್ಳಿಯ ಮಾತಿನಲ್ಲಿ ‘ಅಮ್ಮ’. ಮೈಮೇಲಿನ ಗುಳ್ಳೆ ಹೋದರೂ ಅದರ ವೈರಸ್ಸು ಹೋಗುವುದಿಲ್ಲ. ನರದ ದಾರಿ ಹಿಡಿದು ಗಂಟನ್ನು ಸೇರಿ ವರ್ಷಾನುಗಟ್ಟಲೆ ಮಲಗಿರುತ್ತದೆ. ಇಂಗ್ಲೆಂಡಿನ ಗ್ರಾಮಾಂತರದ ವೈದ್ಯನಾಗಿದ್ದ ಹೋಪ್-ಸಿಂಪ್ಸನ್ ತನ್ನ ಊರಿನ ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟು 1965ರಲ್ಲಿ ಇದನ್ನು ಬಲವಾಗಿ ಪ್ರತಿಪಾದಿಸಿದ. ಮುಪ್ಪಿನಿಂದಲೋ ಬೇರೆ ಕಾಯಿಲೆಯಿಂದಲೋ ದೇಹದ ಶಕ್ತಿ ಕುಗ್ಗಿದಾಗ ವೈರಸ್ಸು ಎದ್ದು, ಅದೇ ಎಳೆಯ ಮೇಲೆ ಚರ್ಮಕ್ಕೆ ಇಳಿಯುತ್ತದೆ. ಓಣಿಯೊಳಗಿನ ಮನೆಗೆ ಬೆಂಕಿ ಬಿದ್ದರೆ ರಸ್ತೆಯೂ ಕೆಡುವುದಷ್ಟೆ. ಗುಳ್ಳೆ ಮಾಯ್ದ ಮೇಲೂ ಗಾಯಗೊಂಡ ಕೋಶಗಳು ತಾವಾಗಿ ಮಿಡಿಯುತ್ತಿರಬಹುದು. ಅವುಗಳ ಸುದ್ದಿಯನ್ನು ಸ್ವೀಕರಿಸುವ ಬೆನ್ನುಹುರಿಯೂ ಅತಿಸೂಕ್ಷ್ಮವಾಗಿರಬಹುದು. ಆ ಎಳೆ ಯಾವಾಗಲೂ ಪಕ್ಕೆಯ ಸುದ್ದಿಯನ್ನೇ ತಂದದ್ದರಿಂದ, ಮಿಡಿತ ಎಲ್ಲಿ ಹುಟ್ಟಿದರೂ ಮೆದುಳು ಪಕ್ಕೆಯೇ ಉರಿಯುತ್ತಿದೆಯೆಂದು ತಿಳಿಯುತ್ತದೆ. ಮುದುಕಿಯ ಮಾತು ಸುಳ್ಳಲ್ಲ.

ಹಳ್ಳಿಗಳಲ್ಲಿ ಕೆಮ್ಮಣ್ಣು ಹಚ್ಚುವವರಿದ್ದಾರೆ. ಗುಳ್ಳೆ ತಾನಾಗಿಯೇ ಒಣಗುವ ಸ್ವಭಾವದ್ದಾದ್ದರಿಂದ ಕೀರ್ತಿ ಮಣ್ಣಿಗೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕೆಟ್ಟಿರುವುದು ಗಂಟು, ಮದ್ದು ಚರ್ಮಕ್ಕೆ. ಮಣ್ಣಿಗಿಂತ ಕೇಡು ಮಾಡುವುದು ಅದು ಕಳೆಯುವ ಕಾಲ. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ವೈರಸ್ಸನ್ನು ತಡೆಯುವ ಮಾತ್ರೆಯನ್ನು ಮೊದಲುಮಾಡಿದರೆ ಹೆಚ್ಚು ಪ್ರಯೋಜನ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೇ ಅಪಾಯವಿರಬಹುದು; ಆಗ ಒಂದು ದಿನವನ್ನೂ ಕಳೆಯಬಾರದು. ಐವತ್ತು ದಾಟಿದವರಿಗೆ ಈಗ ಲಸಿಕೆಯೂ ನಮ್ಮ ದೇಶದಲ್ಲಿ ದೊರೆಯುತ್ತದೆ. ಚಾಮರಾಜನಗರದಲ್ಲಿಯೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ದೂರದ ನೆಪವೂ ಹಿಂದಿನಷ್ಟು ಉಳಿದಿಲ್ಲ.

ಈ ಗಂಟುಗಳ ಕಥೆ ಮುಗಿದಿಲ್ಲ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ನರಗಂಟಿನ ಕೋಶಗಳಿಂದ ಪಡೆದ ವಂಶವಾಹಿಗಳಲ್ಲಿ ಹುಡುಕಿ, ಮೆಣಸಿನಕಾಯಿಯ ಖಾರಕ್ಕೆ ತೆರೆದುಕೊಳ್ಳುವ ಒಂದು ಬಾಗಿಲನ್ನು ಗುರುತಿಸಿದರು. ಸುಡುವ ಬಿಸಿಗೆ ತೆರೆಯುವುದೂ ಅದೇ ಬಾಗಿಲು. 2021ರಲ್ಲಿ ಅವರಿಗೂ, ಒತ್ತಡವನ್ನು ಗುರುತಿಸುವ ಬಾಗಿಲನ್ನು ಕಂಡ ಆರ್ಡೆಮ್ ಪಟಪೂಟಿಯನ್ ಅವರಿಗೂ ನೊಬೆಲ್ ಬಹುಮಾನ ಬಂದಿತು. ಖಾರ ತಿಂದರೂ ಬಾಯಿ ‘ಉರಿ’, ಬೆಂಕಿ ತಾಗಿದರೂ ‘ಉರಿ’ ಎನ್ನುವ ಕನ್ನಡಿಗನ ನಾಲಗೆಗೆ ಈ ಸುದ್ದಿ ಅಪರಿಚಿತವಾಗಿ ಕೇಳಿಸಲಾರದು.

ಇನ್ನೊಬ್ಬರ ನೋವನ್ನು ತಿಳಿಯಲು ಚರಿತ್ರೆ ಮೂರು ದಾರಿಗಳನ್ನು ತುಳಿದಿದೆ. ಒಂದು, ನೋವನ್ನು ಕೊಟ್ಟು ನೋಡಿದ್ದು. ಇನ್ನೊಂದು, ತಾನೇ ನೋವನ್ನು ಉಂಡು ಹೇಳಿದ್ದು. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಆದರೆ ಎಲ್ಲಕ್ಕಿಂತ ವಿರಳವಾದದ್ದು: ನೊಂದವರನ್ನು ಕೇಳಿ, ಅವರ ಮಾತನ್ನು ನಂಬುವುದು. ರಿವರ್ಸನು ಕೇಂಬ್ರಿಜ್ಜಿನಲ್ಲಿ ನಾಲ್ಕು ವರ್ಷ ಮಾಡಿದ್ದು ಮುಖ್ಯವಾಗಿ ಅದನ್ನೇ. ಕೇಳಿದ, ಕಿವಿಗೊಟ್ಟ, ಬರೆದುಕೊಂಡ. ಅದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ನಮ್ಮ ನಮ್ಮ ನಡುಮನೆಯಲ್ಲಿಯೇ ಅದನ್ನು ಮಾಡಬಹುದು.